ಸ್ಪೀಕರಿನ ಮುಖಕ್ಕೆ ಫೆಲ್ಟ್ ಅಂಟಿಸಿದರೆ ಧ್ವನಿ ನಿಜಕ್ಕೂ ಸುಧಾರಿಸುತ್ತದೆಯೇ?

ಸ್ಪೀಕರುಗಳಲ್ಲಿ ಆಸಕ್ತಿಯಿರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಎತ್ತರದ ಸ್ವರಗಳನ್ನು ನುಡಿಸುವ ಚಿಕ್ಕ ಘಟಕವಾದ ಟ್ವೀಟರಿನ ಸುತ್ತ ಉಣ್ಣೆಯ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಅಂಟಿಸುವುದರಿಂದ ಧ್ವನಿ ಉತ್ತಮಗೊಳ್ಳುತ್ತದೆಯೇ, ಇಲ್ಲವೇ ಅದು ಬರಿಯ ನಂಬಿಕೆಯೇ? ಚಪ್ಪಟೆ ಮುಖದ, ಚೂಪು ಅಂಚಿನ ಪೆಟ್ಟಿಗೆಯಾದರೆ ಖಂಡಿತ ಉತ್ತಮಗೊಳ್ಳುತ್ತದೆ, ಆ ವ್ಯತ್ಯಾಸವನ್ನು ಮೈಕ್ ಇಟ್ಟು ಅಳೆಯಲೂಬಹುದು ಎಂಬುದು ನನ್ನ ಉತ್ತರ. ಆದರೆ ಫೆಲ್ಟ್ ಪರಿಹರಿಸುವ ತೊಂದರೆ ಒಂದೇ ಒಂದು. ಅದು ಯಾವುದೆಂದು ತಿಳಿಯದೆ ಅಂಟಿಸಿದವರಿಗೆ ಲಾಭಕ್ಕಿಂತ ಗೊಂದಲವೇ ಹೆಚ್ಚು.

ಟ್ವೀಟರಿನಿಂದ ಹೊರಟ ಶಬ್ದವೆಲ್ಲ ನೇರವಾಗಿ ಕೇಳುಗನತ್ತ ಬರುವುದಿಲ್ಲ. ಅದರ ಒಂದು ಭಾಗ ಪೆಟ್ಟಿಗೆಯ ಮುಂಫಲಕವನ್ನು ಸವರಿಕೊಂಡು ಅಂಚಿನವರೆಗೆ ಹರಿಯುತ್ತದೆ. ಅಲ್ಲಿಯವರೆಗೆ ಬೆನ್ನಿಗಿದ್ದ ಗಟ್ಟಿ ಮೇಲ್ಮೈ ಒಮ್ಮೆಲೇ ಇಲ್ಲವಾದಾಗ ಆ ಅಂಚೇ ಎರಡನೆಯ ಶಬ್ದಮೂಲದಂತೆ ವರ್ತಿಸಿ, ತಡವಾಗಿ ಹೊರಟ, ದುರ್ಬಲವಾದ, ತಲೆಕೆಳಗಾದ ಒಂದು ಅಲೆಯನ್ನು ಮುಂದಕ್ಕೆ ಕಳಿಸುತ್ತದೆ. ಭೌತಶಾಸ್ತ್ರದಲ್ಲಿ ಇದನ್ನೇ ವಿವರ್ತನೆ ಎನ್ನುತ್ತಾರೆ. ಟ್ವೀಟರಿನಿಂದ ಅಂಚಿಗೆ 10 ಸೆಂಟಿಮೀಟರ್ ದೂರವಿದ್ದರೆ ಈ ಅಲೆ ಸುಮಾರು 0.3 ಮಿಲಿಸೆಕೆಂಡ್ ತಡವಾಗುತ್ತದೆ. 3,400 ಹರ್ಟ್ಜ್ ಆಸುಪಾಸಿನಲ್ಲಿ ತರಂಗದೂರವೂ 10 ಸೆಂಟಿಮೀಟರೇ ಆಗಿರುವುದರಿಂದ, ತಲೆಕೆಳಗಾದ ಆ ಅಲೆ ನೇರ ಶಬ್ದವನ್ನು ಅಲ್ಲಿ ತಗ್ಗಿಸುತ್ತದೆ. 1,700 ಹರ್ಟ್ಜ್ ಹತ್ತಿರ ಅದೇ ಅಲೆ ನೇರ ಶಬ್ದದೊಂದಿಗೆ ಕೂಡಿ ಉಬ್ಬನ್ನುಂಟುಮಾಡುತ್ತದೆ. ಕಿವಿ ಅತ್ಯಂತ ಸೂಕ್ಷ್ಮವಾಗಿ ಕೇಳುವ ವಲಯದಲ್ಲೇ ಹೀಗೆ ಏರಿಳಿತಗಳ ಸಾಲು ಏಳುತ್ತದೆ.

ಪೆಟ್ಟಿಗೆಯ ಆಕಾರಕ್ಕೂ ಧ್ವನಿಗೂ ಇರುವ ಈ ಸಂಬಂಧವನ್ನು ಅಮೆರಿಕದ ಎಲೆಕ್ಟ್ರಾನಿಕ್ಸ್ ಕಂಪನಿ ಆರ್‌ಸಿಎಯ ಇಂಜಿನಿಯರ್ ಹ್ಯಾರಿ ಓಲ್ಸನ್ 1951ರಷ್ಟು ಹಿಂದೆಯೇ ಬಗೆಬಗೆಯ ಆಕಾರಗಳ ಪೆಟ್ಟಿಗೆಗಳನ್ನು ಅಳೆದು ತೋರಿಸಿದ್ದರು. ಯಾವ ಆವರ್ತನದಲ್ಲಿ ಶಬ್ದ ಎಷ್ಟು ಜೋರಾಗಿದೆ ಎಂದು ತೋರಿಸುವ ರೇಖೆ ಗೋಳಾಕಾರದ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ನಯವಾಗಿತ್ತು. ಚಪ್ಪಟೆ ಮುಖದ ನಟ್ಟನಡುವೆ ಸ್ಪೀಕರನ್ನು ಕೂರಿಸಿದ ಸಿಲಿಂಡರ್ ಮತ್ತು ಘನಾಕೃತಿಗಳಲ್ಲಿ ಏರಿಳಿತ ತೀವ್ರವಾಗಿತ್ತು. ನಡುವಿನಲ್ಲಿ ಕೂರಿಸಿದಾಗ ಅಂಚುಗಳೆಲ್ಲ ಸಮಾನ ದೂರದಲ್ಲಿದ್ದು, ಅವುಗಳಿಂದ ಹೊರಟ ಅಲೆಗಳು ಒಂದೇ ಕ್ಷಣಕ್ಕೆ ಬಂದು ಸೇರುವುದೇ ಇದಕ್ಕೆ ಕಾರಣ.

ಫೆಲ್ಟ್ ಕೆಲಸ ಮಾಡುವುದು ಆ ಹರಿಯುವ ಅಲೆಯ ದಾರಿಯಲ್ಲಿ. ಒತ್ತಾಗಿ ಹೆಣೆದುಕೊಂಡ ಉಣ್ಣೆಯ ಎಳೆಗಳ ಸಂದಿನಲ್ಲಿ ಗಾಳಿ ಅತ್ತಿತ್ತ ಚಲಿಸುವಾಗ ಉಂಟಾಗುವ ಘರ್ಷಣೆಯಿಂದ ಶಬ್ದದ ಶಕ್ತಿ ಶಾಖವಾಗಿ ಕರಗುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಫೆಲ್ಟಿಗೆ ಶಬ್ದ ನೇರವಾಗಿ ಎದುರು ಬಡಿದರೆ ಅದು ಹೀರುವುದು ಅಲ್ಪವೇ. ಆದರೆ ಇಲ್ಲಿ ಅಲೆ ಫೆಲ್ಟಿನ ದಪ್ಪವನ್ನಲ್ಲ, ಅದರ ಉದ್ದವನ್ನು ಸವರಿಕೊಂಡು ಸಾಗಬೇಕಾಗಿರುವುದರಿಂದ ಅಂಚು ತಲುಪುವಷ್ಟರಲ್ಲಿ ಗಣನೀಯವಾಗಿ ಕುಗ್ಗಿರುತ್ತದೆ. ಬಿಬಿಸಿಯ ಇಂಜಿನಿಯರುಗಳು ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಮಾನಿಟರ್ ಸ್ಪೀಕರ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಮುಂಫಲಕ ಪೆಟ್ಟಿಗೆಯ ಅಂಚಿಗಿಂತ ಸ್ವಲ್ಪ ಒಳಸರಿದಿದೆ, ಟ್ವೀಟರಿನ ನಾಲ್ಕೂ ಬದಿಗೆ ದಪ್ಪ ಫೆಲ್ಟ್ ಪಟ್ಟಿಗಳಿವೆ. ಅವನ್ನು ಅಲಂಕಾರವೆಂದು ಕಿತ್ತುಹಾಕಿದರೆ, ಮುಂಚಾಚಿದ ಆ ಅಂಚಿನಿಂದ ಮರಳುವ ಶಬ್ದವನ್ನು ತಡೆಯುವುದೇನೂ ಉಳಿಯುವುದಿಲ್ಲ.

ಇನ್ನು ಕತ್ತರಿಸುವ ವಿಷಯ. ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೋಡಲು ಅಂದವೆಂದು ಟ್ವೀಟರಿನ ಸುತ್ತ ಅಚ್ಚುಕಟ್ಟಾದ ವೃತ್ತವೊಂದನ್ನು ಕತ್ತರಿಸಿ ತೆಗೆಯುವವರೇ ಬಹಳ. ಆದರೆ ಫೆಲ್ಟಿನ ಒಳ ಅಂಚೂ ಒಂದು ಅಂಚೇ. ಅದು ಎಲ್ಲ ದಿಕ್ಕಿನಲ್ಲೂ ಸಮದೂರದಲ್ಲಿದ್ದರೆ ಓಲ್ಸನ್ ಕಂಡ ತೊಂದರೆಯೇ ಚಿಕ್ಕ ಪ್ರಮಾಣದಲ್ಲಿ ಮರುಕಳಿಸುತ್ತದೆ. ಆದ್ದರಿಂದ ತೆರಪು ನಕ್ಷತ್ರದಂತೆ ಮೊನೆಮೊನೆಯಾಗಿರಲಿ, ಅಥವಾ ಎಡಬಲ ಅಸಮವಾಗಿರಲಿ. ಹರಿತವಾದ ಹೊಸ ಬ್ಲೇಡಿನಿಂದ, ಒಂದೇ ಸಲಕ್ಕೆ ಒತ್ತದೆ, ಲೋಹದ ಅಳತೆಪಟ್ಟಿಯ ಗುಂಟ ನಾಲ್ಕೈದು ಬಾರಿ ಎಳೆದು ಕತ್ತರಿಸಿದರೆ ಎಳೆಗಳು ಹಿಂಜುವುದಿಲ್ಲ. ಕರಕುಶಲ ಕೆಲಸಕ್ಕೆಂದು ಮಾರುವ ತೆಳು ಅಕ್ರಿಲಿಕ್ ಫೆಲ್ಟ್ ಇದಕ್ಕೆ ಸಾಲದು. 6ರಿಂದ 12 ಮಿಲಿಮೀಟರ್ ದಪ್ಪದ, ಉಣ್ಣೆಯ ಅಂಶ ಹೆಚ್ಚಿರುವ ಕೈಗಾರಿಕಾ ಫೆಲ್ಟ್ ಬೇಕು. ಫೆಲ್ಟ್, ತಗ್ಗಿನ ಸ್ವರಗಳನ್ನು ನುಡಿಸುವ ದೊಡ್ಡ ಘಟಕವಾದ ಊಫರಿನ ರಬ್ಬರ್ ಅಂಚಿಗೆ ಎಲ್ಲಿಯೂ ತಾಗಬಾರದು. ಮೊದಲಿಗೆ ಎರಡೂ ಬದಿ ಅಂಟುವ ಟೇಪಿನಿಂದ ತಾತ್ಕಾಲಿಕವಾಗಿ ಹಚ್ಚುವುದು ಜಾಣತನ.

ಫೆಲ್ಟಿನಿಂದ ಆಗದ ಕೆಲಸಗಳೂ ಇವೆ. 500 ಹರ್ಟ್ಜಿನ ತರಂಗದೂರ 70 ಸೆಂಟಿಮೀಟರಿಗೆ ಹತ್ತಿರವಿರುವಾಗ ಹತ್ತು ಮಿಲಿಮೀಟರಿನ ಪದರ ಅದನ್ನು ಏನೂ ಮಾಡಲಾರದು. ಆದ್ದರಿಂದ ಬಾಸ್ ಬಿಗಿಯಾಯಿತು ಎಂದು ಯಾರಾದರೂ ಹೇಳಿದರೆ ಅದರ ಕಾರಣವನ್ನು ಬೇರೆಡೆ ಹುಡುಕಬೇಕು. ಟ್ವೀಟರನ್ನು ಆಳವಾದ ವೇವ್‌ಗೈಡಿನಲ್ಲಿ (ಶಬ್ದವನ್ನು ಮುಂದಕ್ಕೆ ತಿರುಗಿಸುವ ಬಟ್ಟಲಿನಾಕಾರದ ತಗ್ಗಿನಲ್ಲಿ) ಕೂರಿಸಿದ್ದರೆ ಅಂಚಿನತ್ತ ಹೋಗುವ ಶಬ್ದ ಮೊದಲೇ ಕಡಿಮೆಯಿರುತ್ತದೆ. ವೇವ್‌ಗೈಡಿನ ಒಳಮೈಗೆ ಫೆಲ್ಟ್ ಹಚ್ಚಿದರೆ ಅದರ ವಿನ್ಯಾಸವೇ ಕೆಡುತ್ತದೆ. ಅಂಚುಗಳನ್ನು ದೊಡ್ಡ ತ್ರಿಜ್ಯದಲ್ಲಿ ಗುಂಡಾಗಿಸಿದ ಪೆಟ್ಟಿಗೆಗೂ ಫೆಲ್ಟಿನ ಅಗತ್ಯ ಕಡಿಮೆ.

ಬೇರೆಬೇರೆ ಆವರ್ತನಗಳ ಮಟ್ಟವನ್ನು ಹೊಂದಿಸುವ ಈಕ್ವಲೈಸರಿನಿಂದಲೇ ಈ ಏರಿಳಿತ ಸರಿಪಡಿಸಬಾರದೇಕೆ ಎಂದು ಕೇಳುವವರಿದ್ದಾರೆ. ಕೇಳುವ ಕೋನ ಬದಲಾದಂತೆ ಒಂದೊಂದು ಅಂಚಿನ ದೂರವೂ ಬದಲಾಗಿ ಉಬ್ಬುತಗ್ಗುಗಳು ಜಾಗ ಬದಲಿಸುತ್ತವೆ. ನೇರ ಎದುರಿಗೆ ಸರಿಪಡಿಸಿದ್ದು 30 ಡಿಗ್ರಿ ಪಕ್ಕದಲ್ಲಿ ಹೊಸ ದೋಷವಾಗುತ್ತದೆ. ಫೆಲ್ಟ್ ಆ ಅಲೆಯನ್ನೇ ಕುಗ್ಗಿಸುವುದರಿಂದ ಎಲ್ಲ ಕೋನಗಳಿಗೂ ಅಷ್ಟಿಷ್ಟು ಪ್ರಯೋಜನವಾಗುತ್ತದೆ, ಮತ್ತು ನಾನು ಅದನ್ನು ಸಮರ್ಥಿಸುವುದು ಮುಖ್ಯವಾಗಿ ಈ ಕಾರಣಕ್ಕೆ.

ಹಾಗಾಗಿ ಅಳೆಯುವಾಗ ಒಂದು ಮೀಟರ್ ದೂರದಲ್ಲಿ ಮೈಕ್ ಇಟ್ಟು, ನೇರ ಎದುರಿಗೆ, 15 ಡಿಗ್ರಿಗೆ ಮತ್ತು 30 ಡಿಗ್ರಿಗೆ, ಫೆಲ್ಟ್ ಸಹಿತ ಮತ್ತು ಫೆಲ್ಟ್ ರಹಿತವಾಗಿ ರೇಖೆಗಳನ್ನು ತೆಗೆದುಕೊಳ್ಳಬೇಕು. ಸ್ಪೀಕರಿನ ಮುಖ ಮುಚ್ಚುವ ಜಾಲರಿಯ ಚೌಕಟ್ಟು ತಾನೇ ಒಂದು ಅಂಚಾಗಿರುವುದರಿಂದ ಅದನ್ನು ತೆಗೆದಿಟ್ಟು ಅಳೆಯಬೇಕು. ಏರಿಳಿತ ತಗ್ಗುವುದರ ಜೊತೆಗೆ ಟ್ವೀಟರ್ ನುಡಿಸುವ ವ್ಯಾಪ್ತಿಯ ಕೆಳ ಆವರ್ತನಗಳ ಮಟ್ಟವೂ ಸ್ವಲ್ಪ ಇಳಿದಿರುವುದು ಕಾಣಬಹುದು, ಏಕೆಂದರೆ ಮುಂಫಲಕ ಕೊಡುತ್ತಿದ್ದ ಬೆಂಬಲದ ಒಂದಂಶವನ್ನೂ ಫೆಲ್ಟ್ ಹೀರಿರುತ್ತದೆ. ಧ್ವನಿ ಮಂಕಾಯಿತೆಂದು ಅಲ್ಲಿಗೇ ಫೆಲ್ಟನ್ನು ಕಿತ್ತೆಸೆಯುವ ಮುನ್ನ, ಟ್ವೀಟರಿಗೂ ಊಫರಿಗೂ ಆವರ್ತನಗಳನ್ನು ಹಂಚುವ ಕ್ರಾಸ್‌ಓವರ್ ಮಂಡಲದಲ್ಲಿ ಟ್ವೀಟರಿಗಿರುವ ರೆಸಿಸ್ಟರನ್ನು ಬದಲಿಸಿ ಮಟ್ಟವನ್ನು ಸರಿದೂಗಿಸಿಕೊಂಡು ಮತ್ತೊಮ್ಮೆ ಕೇಳಬೇಕು.