ಫೋನ್ ಕಡಿಮೆಯಾದರೆ ಗಾಬರಿ ಬೇಡ

ಶಿರಸಿ-ಸಿದ್ದಾಪುರ ಕಡೆಯ ಅಪ್ಪ-ಅಮ್ಮಂದಿರಿಗೆ ಜರ್ಮನಿಯಿಂದ ಒಂದು ಮಾತು. ಓದಲು ಬಂದ ಮಗನೋ ಮಗಳೋ ಮೊದಲಿನಷ್ಟು ಫೋನ್ ಮಾಡುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅದು ಒಳ್ಳೆಯ ಲಕ್ಷಣವೇ ಇರಬಹುದು.

ಮೊದಲ ಚಳಿಗಾಲದಲ್ಲಿ ನಾವೆಲ್ಲ ಫೋನಿಗೇ ಅಂಟಿಕೊಂಡಿರುತ್ತೇವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಭಾನುವಾರ ಅಂಗಡಿಗಳೂ ಬಂದ್. ಸುಮ್ನೆ ರೂಮಿನಲ್ಲಿ ಕೂತು ಸ್ಟೇಟಸ್ ನೋಡುವುದು. ಯಾರದೋ ಅಡಿಕೆ ಕೊಯ್ಲು, ಇನ್ಯಾರದೋ ಮದುವೆ, ಎಲ್ಲೋ ಯಕ್ಷಗಾನ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆಯಾದರೂ ಅದರ ವಿಡಿಯೋ ವರ್ಷವಿಡೀ ಬರುತ್ತಿರುತ್ತದೆ. ನೋಡಿದಷ್ಟೂ ಮನೆ ನೆನಪು ಜಾಸ್ತಿ. ನಾವೂ ಹಿಮದಲ್ಲಿ ನಿಂತು ನಕ್ಕ ಫೋಟೋ ಹಾಕುತ್ತೇವೆ. ಊರಲ್ಲಿ ನೀವು "ಆರಾಮ ಇದ್ದಾನೆ" ಅಂದುಕೊಳ್ಳುತ್ತೀರಿ.

ಫೋನಿನ ಉಪಕಾರ ಮರೆಯುವ ಹಾಗಿಲ್ಲ ಬಿಡಿ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ಒಂದು ವರ್ಷದ ಖರ್ಚಿನ ಹಣ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಬಂದ ಮೇಲೆ 'ಅನ್‌ಮೆಲ್ಡುಂಗ್', ಅಂದರೆ ವಿಳಾಸದ ನೋಂದಣಿ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ವಾಟ್ಸಾಪ್ ಗುಂಪಿನ ಕನ್ನಡದವರು. ಅವರಲ್ಲಿ ಎಷ್ಟೋ ಜನರ ಮುಖ ನಾನಿನ್ನೂ ನೋಡಿಲ್ಲ.

ಆದರೆ ಜ್ವರ ಬಂದಾಗ ಅಮ್ಮ ವಿಡಿಯೋದಲ್ಲಿ ಕಷಾಯ ಹೇಳಿಕೊಟ್ಟರೆ, ಜೀರಿಗೆ-ಕಾಳುಮೆಣಸು ತಂದುಕೊಟ್ಟವನು ಪಕ್ಕದ ರೂಮಿನ ವಿಯೆಟ್ನಾಂ ಹುಡುಗ. ಕಷಾಯದ ವಾಸನೆಗೆ ಮುಖ ಸಿಂಡರಿಸಿದ, ಅದು ಬೇರೆ ಮಾತು.

1977ರಲ್ಲೇ ಮನಶ್ಶಾಸ್ತ್ರಜ್ಞ ಸ್ಟೀಫನ್ ಬೋಕ್ನರ್ ಮತ್ತು ಅವರ ಜೊತೆಗಾರರು ಹವಾಯಿಯ ವಿದೇಶಿ ವಿದ್ಯಾರ್ಥಿಗಳ ಗೆಳೆತನವನ್ನು ಅಭ್ಯಾಸ ಮಾಡಿದ್ದರು. ಸ್ವಂತ ದೇಶದವರು, ಆ ನೆಲದವರು, ಬೇರೆ ದೇಶಗಳಿಂದ ಬಂದವರು, ಹೀಗೆ ಮೂರು ಬಗೆ. ಒಬ್ಬೊಬ್ಬರಿಂದ ಒಂದೊಂದು ಅನುಕೂಲ. ನಮ್ಮವರ ಜೊತೆ ನಮ್ಮ ರೀತಿ-ರಿವಾಜು ಉಳಿಯುತ್ತದೆ. ಓದು, ಭಾಷೆಗೆ ಸ್ಥಳೀಯರು ಬೇಕು. ತಿರುಗಾಟಕ್ಕೆ, ಖುಷಿಗೆ ಮೂರನೆಯವರು. ಫೋನಿನಲ್ಲಿ ಸಲೀಸಾಗಿ ಸಿಗುವುದು ಮೊದಲನೆಯದು ಮಾತ್ರ. ಉಳಿದ ಎರಡಕ್ಕೆ ರೂಮಿನಿಂದ ಹೊರಗೆ ಬರಲೇಬೇಕು, ಅಲ್ವಾ? ಆಗ ನಿಮ್ಮ ಫೋನಿಗೆ ಸಿಗುವ ಹೊತ್ತು ಕಡಿಮೆಯಾಗುತ್ತದೆ.

"ಊಟ ಆಯ್ತಾ" ಅಂತ ಕೇಳುವ ಜೊತೆಗೆ "ಯಾರ ಜೊತೆ ಊಟ ಮಾಡಿದೆ" ಅಂತಲೂ ಕೇಳಿ. ಉತ್ತರ ಪ್ರತಿಸಲ "ಒಬ್ಬನೇ" ಅಂತ ಬಂದರೆ ಆಗ ಚಿಂತೆ ಮಾಡಿ. ರಾತ್ರಿ ಎರಡಕ್ಕೆ ಆನ್‌ಲೈನ್ ಯಾಕಿದ್ದೆ ಅಂತ ಮಾತ್ರ ಕೇಳಬೇಡಿ. ಇನ್ನು ಸಮಯದ ಲೆಕ್ಕ: ಚಳಿಗಾಲದಲ್ಲಿ ನಾವು ನಾಲ್ಕೂವರೆ ತಾಸು ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಮೂರೂವರೆ. ನೀವು ಬೆಳಿಗ್ಗೆ ಆಸರಿ ಕುಡಿದು ಫೋನ್ ಮಾಡಿದರೆ ನಮಗಿನ್ನೂ ನಡುರಾತ್ರಿ. ಭಾನುವಾರ ಸಂಜೆ ಮಾಡಿ.