ಕರಾಕುಂ ಕಾಲುವೆಯ ದೇಶದಲ್ಲಿ

2025ರ ಆಗಸ್ಟ್‌ನಲ್ಲಿ ಕಡಲಿಲ್ಲದ ದೇಶಗಳಿಗಾಗಿ ವಿಶ್ವಸಂಸ್ಥೆ ನಡೆಸಿದ ಸಮ್ಮೇಳನಕ್ಕೆ ಆರಿಸಿಕೊಂಡದ್ದು ಒಂದು ಬೀಚ್ ರೆಸಾರ್ಟನ್ನು. ತುರ್ಕಮೆನಿಸ್ತಾನದ ಅವಾಜಾ ಇರುವುದು ಕ್ಯಾಸ್ಪಿಯನ್ ದಂಡೆಯ ಮೇಲೆ. ಅಲ್ಲಿ ಅಲೆಗಳಿವೆ, ಉಪ್ಪುನೀರಿದೆ, ಸಾಲು ಸಾಲು ಹೋಟೆಲುಗಳಿವೆ. ಆದರೆ ಕ್ಯಾಸ್ಪಿಯನ್ ಹೆಸರಿಗಷ್ಟೇ ಸಮುದ್ರ. ಸುತ್ತಲೂ ನೆಲದಿಂದ ಮುಚ್ಚಿಹೋದ ಆ ಜಲರಾಶಿಯಿಂದ ಮಹಾಸಾಗರಕ್ಕೆ ಸಹಜವಾದ ದಾರಿಯಿಲ್ಲ. ಹಾಗಾಗಿ ನೂರಾರು ಕಿಲೋಮೀಟರ್ ಕರಾವಳಿ ಇದ್ದೂ ತುರ್ಕಮೆನಿಸ್ತಾನ ಕಡಲಿಲ್ಲದ ದೇಶಗಳ ಪಟ್ಟಿಯಲ್ಲೇ ಉಳಿದಿದೆ.

ವಿಸ್ತೀರ್ಣದಲ್ಲಿ ಅದು ಕರ್ನಾಟಕದ ಎರಡೂವರೆ ಪಟ್ಟು. ಜನಸಂಖ್ಯೆ ಮಾತ್ರ ಸರ್ಕಾರದ ಲೆಕ್ಕವನ್ನೇ ನಂಬಿದರೂ 70 ಲಕ್ಷದ ಆಸುಪಾಸು. ನಡುವಿನ ನೆಲವನ್ನೆಲ್ಲ ಕರಾಕುಂ ಮರುಭೂಮಿ ತಿಂದುಹಾಕಿದೆ. ಜನರು ಅದರ ಅಂಚಿನಲ್ಲಿ ಉಳಿದಿದ್ದಾರೆ. ದಕ್ಷಿಣದಲ್ಲಿ ಇರಾನಿನ ಗಡಿಗೆ ಒತ್ತಿಕೊಂಡ ಕೊಪೆತ್‌ದಾಗ್ ಬೆಟ್ಟಗಳ ಬುಡ, ಮುರ್ಗಾಬ್ ಮತ್ತು ತೆಜೆನ್ ನದಿಗಳ ಬಯಲು, ಪೂರ್ವಕ್ಕೂ ಉತ್ತರಕ್ಕೂ ಅಮು ದರಿಯಾ ನದಿಯ ದಂಡೆ. ನಕ್ಷೆಯ ಮೇಲೆ ಊರುಗಳನ್ನು ಗುರುತಿಸುತ್ತ ಹೋದರೆ ನೀರಿನ ಗೆರೆಗಳು ತಾವಾಗಿಯೇ ಮೂಡುತ್ತವೆ.

ಒಳಗೆ ಹೋಗುವುದು ಸುಲಭವಲ್ಲ. ಅಲ್ಲಿನ ಪ್ರವಾಸ ಸಂಸ್ಥೆಯೊಂದು ನಿಮ್ಮ ಪರವಾಗಿ ಆಹ್ವಾನ ಪತ್ರ ಪಡೆಯಬೇಕು. ಪ್ರವಾಸಿ ವೀಸಾದಲ್ಲಿ ಹೋದವರ ಜೊತೆಗೆ ಮಾರ್ಗದರ್ಶಿ ಇರಲೇಬೇಕು, ದಾರಿಯೂ ಮೊದಲೇ ನಿಗದಿಯಾಗಿರಬೇಕು. ಮನಸ್ಸು ಬಂದಲ್ಲಿ ಇಳಿದು ಅಲೆಯುವ ಚಾಳಿಯವರಿಗೆ ಇದು ಉಸಿರುಗಟ್ಟಿಸುತ್ತದೆ. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ನನ್ನ ಪಾಲಿಗೆ ಬಂದ ಮಾರ್ಗದರ್ಶಿ ಭೂಗೋಳ ಓದಿದವನು, ಮಾತುಗಾರ. ರಾಜಕೀಯದ ಪ್ರಶ್ನೆ ಕೇಳಿದರೆ ಮಾತ್ರ ಅವನು ಕಿಟಕಿಯ ಹೊರಗೆ ಯಾವುದಾದರೂ ಒಂಟೆಯನ್ನು ತೋರಿಸುತ್ತಿದ್ದ. ಒಂಟೆಗಳಿಗೆ ಅಲ್ಲಿ ಬರವಿಲ್ಲ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುವುದರಿಂದ ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯದು. ನಾನು ಹೋದದ್ದು ಅಕ್ಟೋಬರ್‌ನಲ್ಲಿ.

ರಾಜಧಾನಿ ಅಶ್ಗಾಬಾತ್‌ನ ಬಗ್ಗೆ ಎಷ್ಟು ಓದಿಕೊಂಡು ಹೋದರೂ ಆ ಬಿಳುಪಿಗೆ ಕಣ್ಣು ಸಿದ್ಧವಾಗಿರುವುದಿಲ್ಲ. ಸಚಿವಾಲಯಗಳು, ವಸತಿ ಸಮುಚ್ಚಯಗಳು, ಬಸ್ ತಂಗುದಾಣಗಳು ಎಲ್ಲವೂ ಬಿಳಿ. 22 ಚದರ ಕಿಲೋಮೀಟರಿನೊಳಗೆ 543 ಹೊಸ ಕಟ್ಟಡಗಳು, ಅವುಗಳ ಮೈಗೆ ಹೊದಿಸಿದ 45 ಲಕ್ಷ ಚದರ ಮೀಟರ್ ಬಿಳಿ ಅಮೃತಶಿಲೆ ಎಂದು 2013ರಲ್ಲಿ ಗಿನ್ನೆಸ್ ದಾಖಲಿಸಿತು. ಆಮೇಲೂ ಕಟ್ಟುವುದು ನಿಂತಿಲ್ಲ. 2018ರಿಂದ ಕಪ್ಪು ಕಾರುಗಳಿಗೂ ರಾಜಧಾನಿಯಲ್ಲಿ ಜಾಗವಿಲ್ಲವಾಯಿತು. ಅಗಲವಾದ ರಸ್ತೆಗಳಲ್ಲಿ ಮಧ್ಯಾಹ್ನದ ಹೊತ್ತು ಗುಡಿಸುವ ಹೆಂಗಸರನ್ನು ಬಿಟ್ಟರೆ ಜನರೇ ಕಾಣರು. ಸರ್ಕಾರಿ ಕಟ್ಟಡಗಳ ಕಡೆಗೆ ಕ್ಯಾಮೆರಾ ಎತ್ತಿದರೆ ಎಲ್ಲಿಂದಲೋ ಸೀಟಿ ಕೇಳುತ್ತದೆ.

ಹಳೆಯ ಕಟ್ಟಡಗಳು ಏಕಿಲ್ಲ ಎಂಬುದಕ್ಕೆ ಕಾರಣ 1948ರ ಅಕ್ಟೋಬರ್ 5ರ ನಡುರಾತ್ರಿ. ಅಂದಿನ ಭೂಕಂಪ ಊರನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು. ಸೋವಿಯತ್ ಸರ್ಕಾರ ಸಾವಿನ ಲೆಕ್ಕವನ್ನು ದಶಕಗಳ ಕಾಲ ಮುಚ್ಚಿಟ್ಟಿತು. ಅದು ಲಕ್ಷವನ್ನು ದಾಟಿತ್ತೆಂದು ಈಗ ಹೇಳುತ್ತಾರೆ. ಅಂದು ತಾಯಿಯನ್ನೂ ಸಹೋದರರನ್ನೂ ಕಳೆದುಕೊಂಡ ಹುಡುಗ ಸಪರ್ಮುರಾತ್ ನಿಯಾಜೋವ್ ಮುಂದೆ ಸ್ವತಂತ್ರ ದೇಶದ ಮೊದಲ ಅಧ್ಯಕ್ಷನಾದ. 2002ರಲ್ಲಿ ತಿಂಗಳುಗಳ ಹೆಸರನ್ನೇ ಬದಲಿಸಿ, ಜನವರಿಗೆ ತನ್ನ ಬಿರುದನ್ನೂ ಏಪ್ರಿಲ್‌ಗೆ ತಾಯಿಯ ಹೆಸರನ್ನೂ ಇಟ್ಟ. ಅವನು ತೀರಿಕೊಂಡ ಮೇಲೆ, 2008ರಲ್ಲಿ, ಹಳೆಯ ಹೆಸರುಗಳು ಮರಳಿದವು. ಸದಾ ಸೂರ್ಯನಿಗೆ ಮುಖಮಾಡಿ ತಿರುಗುತ್ತಿದ್ದ ಅವನ ಚಿನ್ನದ ಪ್ರತಿಮೆ, ತಾನು ನಿಂತಿದ್ದ, ದೇಶದ ತಟಸ್ಥ ನೀತಿಯ ಸ್ಮಾರಕದ ಸಮೇತ ಊರ ಹೊರಗೆ ಹೋಯಿತು, ಈಗ ತಿರುಗುವುದಿಲ್ಲ. ಆದರೆ ಚಿನ್ನದ ಚಟ ಅವನೊಂದಿಗೆ ಹೋಗಲಿಲ್ಲ. 2020ರಲ್ಲಿ ಒಂದು ವೃತ್ತದ ನಡುವೆ ಅಲಬಾಯ್ ನಾಯಿಯ ಬಂಗಾರದ ಪ್ರತಿಮೆ ಎದ್ದಿತು.

ಪ್ರತಿಮೆಗಳನ್ನು ಕಂಡು ನಕ್ಕು ಬರುವ ಪ್ರವಾಸಿಗಳು ಬಹಳ. ನನ್ನನ್ನು ಕಾಡಿದ್ದು ಕಾರಂಜಿಗಳು. ಮರುಭೂಮಿಯ ಅಂಚಿನ ಊರಿನಲ್ಲಿ ರಸ್ತೆಯುದ್ದಕ್ಕೂ ನೀರು ಚಿಮ್ಮುತ್ತಿದೆ. ಬೆಟ್ಟದ ಇಳಿಜಾರಿನಲ್ಲಿ ನೆಟ್ಟ ಸಸಿಗಳಿಗೆಲ್ಲ ಕೊಳವೆಯಲ್ಲಿ ನೀರು ಹನಿಯುತ್ತಿದೆ. ಇಷ್ಟು ನೀರು ಎಲ್ಲಿಯದು?

ಅದು ಕರಾಕುಂ ಕಾಲುವೆಯದು. 1954ರಲ್ಲಿ ತೋಡಲು ಆರಂಭಿಸಿದ ಈ ಕಾಲುವೆ ಪೂರ್ವದ ಗಡಿಯಲ್ಲಿ ಅಮು ದರಿಯಾದಿಂದ ನೀರೆತ್ತಿಕೊಂಡು ಮರಳಿನ ನಡುವೆ ಸಾಗಿ 1962ರಲ್ಲಿ ಅಶ್ಗಾಬಾತ್ ತಲುಪಿತು. ಇಂದು ಅದರ ಉದ್ದ 1,300 ಕಿಲೋಮೀಟರಿಗೂ ಮಿಕ್ಕಿದೆ. ಬಹುಪಾಲು ಕಡೆ ತಳಕ್ಕೆ ಕಾಂಕ್ರೀಟ್ ಇಲ್ಲದ್ದರಿಂದ ಸಾಕಷ್ಟು ನೀರು ದಾರಿಯಲ್ಲೇ ಮರಳಿಗೆ ಇಂಗಿಹೋಗುತ್ತದೆ. ಉಳಿದದ್ದು ಹತ್ತಿ, ಗೋಧಿ, ರಾಜಧಾನಿಗೆ. ಅಮು ದರಿಯಾ ಸೇರಬೇಕಾಗಿದ್ದ ಅರಲ್ ಸಮುದ್ರ ಬತ್ತಿದ್ದಕ್ಕೆ ಈ ಕಾಲುವೆಯೊಂದೇ ಕಾರಣವಲ್ಲ, ಉಜ್ಬೇಕಿಸ್ತಾನದ ಹತ್ತಿ ಹೊಲಗಳ ಪಾಲೂ ದೊಡ್ಡದು. ಆದರೂ ಕಾರಂಜಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ನನಗೆ ಅರಲ್ ನೆನಪಾಗದೆ ಇರಲಿಲ್ಲ. ಮಾರ್ಗದರ್ಶಿಗೆ ಹೇಳಿದೆ. ಒಂಟೆ ಹತ್ತಿರದಲ್ಲಿರಲಿಲ್ಲ, ಅವನು ಅಲ್ಲಿನ ಹವಾಮಾನ ಎಷ್ಟು ಹಿತವಾಗಿದೆ ಎಂದ.

ಉತ್ತರಕ್ಕೆ ಸುಮಾರು 260 ಕಿಲೋಮೀಟರ್ ದೂರದ ದರ್ವಾಜಾಕ್ಕೆ ಹೋಗುವ ರಸ್ತೆ ಬೆನ್ನುಮೂಳೆಯ ಪರೀಕ್ಷೆ. ಅಲ್ಲಿ 70 ಮೀಟರ್ ಅಗಲದ ಕುಳಿಯೊಂದು ದಶಕಗಳಿಂದ ಉರಿಯುತ್ತಿದೆ. ಸೋವಿಯತ್ ತಜ್ಞರು 1971ರಲ್ಲಿ ಅನಿಲಕ್ಕಾಗಿ ಕೊರೆಯುವಾಗ ನೆಲ ಕುಸಿಯಿತೆಂದೂ ವಿಷಾನಿಲ ಹರಡದಿರಲೆಂದು ಅವರೇ ಬೆಂಕಿ ಕೊಟ್ಟರೆಂದೂ ಎಲ್ಲರೂ ಹೇಳುತ್ತಾರೆ. ಗಟ್ಟಿ ದಾಖಲೆ ಯಾವುದೂ ಹೊರಬಂದಿಲ್ಲ. ಬೇರೆ ವರ್ಷ ಹೇಳುವ ಭೂವಿಜ್ಞಾನಿಗಳೂ ಇದ್ದಾರೆ. ಸುತ್ತ ಬಾವಿ ಕೊರೆದು ಅನಿಲ ಸೆಳೆಯುತ್ತಿರುವುದರಿಂದ ಬೆಂಕಿ ಮೂರು ಪಟ್ಟು ತಗ್ಗಿದೆ ಎಂದು 2025ರಲ್ಲಿ ಅಧಿಕಾರಿಗಳೇ ತಿಳಿಸಿದರು. ಫೋಟೊಗಳಲ್ಲಿ ಕಂಡ ಉರಿಯ ಕಡಾಯಿ ಈಗ ಇಲ್ಲ. ಅಂಚಿನಲ್ಲಿ ಅಲ್ಲಲ್ಲಿ ನಾಲಿಗೆ ಚಾಚುವ ಜ್ವಾಲೆಗಳಿವೆ, ಬಿಸಿಗಾಳಿಯಿದೆ. ನೋಡಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸಲಾರೆ. ರಾತ್ರಿ ಯುರ್ತ್ ಗುಡಾರದಲ್ಲಿ ಸಕ್ಸಾವುಲ್ ಕಟ್ಟಿಗೆಯ ಕೆಂಡದ ಮೇಲೆ ಸುಟ್ಟ ಮಾಂಸ, ತಂದೂರಿನ ಚೊರೆಕ್ ರೊಟ್ಟಿ, ಮುಗಿಯದ ಹಸಿರು ಚಹಾ ಸಿಕ್ಕವು. ಸಸ್ಯಾಹಾರಿಗಳಿಗೆ ಸೊಪ್ಪು ಅಥವಾ ಕುಂಬಳಕಾಯಿ ತುಂಬಿದ ಗುತಾಪ್ ಗತಿ. ರೊಟ್ಟಿಯನ್ನು ಮಗುಚಿ ಇಡಬಾರದು. ಇಟ್ಟರೆ ಯಾರಾದರೊಬ್ಬರು ಸದ್ದಿಲ್ಲದೆ ಸರಿಮಾಡುತ್ತಾರೆ.

ಈ ದೇಶಕ್ಕೆ ಹೋಗಬೇಕಾದದ್ದು ಮೆರ್ವ್ ಎಂಬ ಪಾಳುನಗರಕ್ಕಾಗಿ. ಮರಿ ಎಂಬ ನಗರದಿಂದ ಪೂರ್ವಕ್ಕೆ, ಬೈರಾಮಾಲಿಯ ಪಕ್ಕದಲ್ಲಿ, ಹತ್ತಿ ಹೊಲಗಳು ಮುಗಿದಲ್ಲಿ ಮಣ್ಣಿನ ಗೋಡೆಗಳು ಆರಂಭವಾಗುತ್ತವೆ. ಇಲ್ಲಿ ಒಂದರ ಮೇಲೊಂದು ಊರು ಕಟ್ಟಲಿಲ್ಲ, ಒಂದರ ಪಕ್ಕ ಒಂದು ಕಟ್ಟಿದರು. ಹಖಾಮನಿ ಪರ್ಷಿಯನ್ನರ ಕಾಲದ ಎರ್ಕ್ ಕಲಾ (ಕಲಾ ಎಂದರೆ ಕೋಟೆ), ಅದನ್ನು ಸುತ್ತುವರಿದ ಗ್ಯಾವೂರ್ ಕಲಾ, ಅದರ ಪಶ್ಚಿಮಕ್ಕೆ ಸೆಲ್ಜುಕ್ ತುರ್ಕರ ಸುಲ್ತಾನ್ ಕಲಾ, ದಕ್ಷಿಣಕ್ಕೆ ತೈಮೂರನ ಮಗ ಶಾರುಖ್ ಕಟ್ಟಿಸಿದ ಊರು. ಮುರ್ಗಾಬ್ ನದಿಯ ಕವಲುಗಳೂ ಕಾಲುವೆಗಳೂ ಸರಿದಂತೆ ಊರೂ ಸರಿಯಿತು. ಗ್ಯಾವೂರ್ ಕಲಾದ ಮೂಲೆಯಲ್ಲಿ ಬೌದ್ಧ ಸ್ತೂಪವೊಂದರ ಅವಶೇಷವಿದೆ. ಈಗ ಬರೀ ದಿಬ್ಬ, ಹೇಳದಿದ್ದರೆ ದಾಟಿಹೋಗುತ್ತೀರಿ. ಬುದ್ಧನ ಧರ್ಮ ಪಶ್ಚಿಮದಲ್ಲಿ ಮುಟ್ಟಿದ ತುತ್ತತುದಿಗಳಲ್ಲಿ ಇದೊಂದು.

ಹನ್ನೆರಡನೆಯ ಶತಮಾನದಲ್ಲಿ ಮೆರ್ವ್ ಲೋಕದ ದೊಡ್ಡ ನಗರಗಳಲ್ಲೊಂದಾಗಿತ್ತು. ಯಾಕೂತ್ ಎಂಬ ಭೂಗೋಳಕಾರ ಇಲ್ಲಿ ಹತ್ತು ಗ್ರಂಥಾಲಯಗಳನ್ನು ಎಣಿಸಿದ್ದ. ಮುಂಗಡ ಹಣವಿಲ್ಲದೆ ಇನ್ನೂರು ಪುಸ್ತಕಗಳನ್ನು ಮನೆಗೆ ಒಯ್ಯಲು ಬಿಡುತ್ತಿದ್ದರೆಂದು ಸಂತೋಷಪಟ್ಟು ಬರೆದ. ಅವನು ಊರು ಬಿಟ್ಟ ಸ್ವಲ್ಪ ಕಾಲಕ್ಕೆ, 1221ರಲ್ಲಿ, ಚೆಂಗೀಸ್ ಖಾನನ ಮಗ ತೊಲುಯಿ ಬಂದ. ಕತ್ತಿಯಿಂದ ಉಳಿದವರನ್ನು ನೀರಿನ ಅಭಾವ ಚದುರಿಸಿತು. ಶಾರುಖ್ ಮತ್ತೆ ಊರು ಕಟ್ಟಿಸಿದ. ಹದಿನೆಂಟನೆಯ ಶತಮಾನದ ಕೊನೆಗೆ ಬುಖಾರದ ದೊರೆ ಶಾ ಮುರಾದ್ ಮುರ್ಗಾಬಿನ ಅಣೆಕಟ್ಟನ್ನೇ ಒಡೆಸಿದ. ಅಲ್ಲಿಗೆ ಮೆರ್ವ್ ಮುಗಿಯಿತು.

ಕಿಜ್ ಕಲಾ ಎಂಬ ಕೋಟೆಮನೆಯ ಗೋಡೆಗಳು ಅಡಿಕೆ ಮರದ ಕಾಂಡಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿವೆ. ಎಲ್ಲವೂ ಹಸಿ ಇಟ್ಟಿಗೆ, ಬುಡ ಸವೆದಿದೆ. ಸುಲ್ತಾನ್ ಕಲಾದ ನಡುವೆ 1157ರಲ್ಲಿ ತೀರಿಕೊಂಡ ಸೆಲ್ಜುಕ್ ದೊರೆ ಸುಲ್ತಾನ್ ಸಂಜರ್‌ನ ಗೋರಿ ಒಂಟಿಯಾಗಿ ನಿಂತಿದೆ. ಒಳಗೆ ಹೋಗಿ ಕತ್ತೆತ್ತಿದೆ. ಚೌಕದ ಗೋಡೆಗಳು ಮೇಲೇರುತ್ತ ಅಷ್ಟಕೋನವಾಗಿ, ಗುಮ್ಮಟದ ಒಳಮೈಯಲ್ಲಿ ಇಟ್ಟಿಗೆಯ ಪಟ್ಟಿಗಳು ಒಂದನ್ನೊಂದು ಹಾದು ಎಂಟು ಮೊನೆಯ ನಕ್ಷತ್ರವಾಗಿವೆ. ವಿಜಯಪುರದ ಗೋಲ ಗುಮ್ಮಟವನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ಅಲ್ಲಿಯೂ ಕಮಾನುಗಳು ಒಂದನ್ನೊಂದು ಹಾದು ಎಂಟು ಮೊನೆಯ ನಕ್ಷತ್ರವನ್ನೇ ಹೆಣೆದು ಗುಮ್ಮಟವನ್ನು ಹೊತ್ತಿವೆ. ಸಂಜರ್‌ನ ಗೋರಿಯ ಗುಮ್ಮಟದ ಅಗಲ ಸುಮಾರು 17 ಮೀಟರ್. ಐನೂರು ವರ್ಷಗಳ ನಂತರದ ಗೋಲ ಗುಮ್ಮಟದ್ದು ಒಳಗೇ 38. ಖುರಾಸಾನ್, ಇರಾನ್ ಕಡೆಯ ಕಸುಬುದಾರರೂ ವಿದ್ವಾಂಸರೂ ದಖನ್ನಿನ ಸುಲ್ತಾನರ ಆಸ್ಥಾನಗಳಿಗೆ ಬಂದು ನೆಲೆಸಿದ್ದು ನಮಗೆ ಗೊತ್ತಿರುವುದೇ. ಬೀದರ್‌ನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇದೇ ಕ್ಯಾಸ್ಪಿಯನ್ನಿನ ದಕ್ಷಿಣ ದಂಡೆಯ ಗೀಲಾನ್ ಸೀಮೆಯವನು. ಆ ಮದರಸಾದ ಮಿನಾರಿನ ಮೇಲೆ ಉಳಿದಿರುವ ಬಣ್ಣದ ಹೆಂಚುಗಳ ತವರು ಈ ಕಡೆಯೇ.

ಮರಿಯ ಊಟದ ಮೇಜಿನಲ್ಲಿ ಮಾತು ಅನಿಲ ಕೊಳವೆಗೆ ಹೊರಳಿತು. ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು ಭಾರತಕ್ಕೆ ಬರಬೇಕಾದ ಕೊಳವೆಯ ಕಾಮಗಾರಿಗೆ 2015ರ ಡಿಸೆಂಬರ್‌ನಲ್ಲಿ ಇದೇ ಮರಿಯ ಬಳಿ ಚಾಲನೆ ಕೊಟ್ಟಿದ್ದರು. ಭಾರತಕ್ಕೆ ಅನಿಲ ಇನ್ನೂ ಬಂದಿಲ್ಲ. ಹಾಗೆಂದು ಅಲ್ಲಿನವರಿಗೂ ಅದು ಪುಕ್ಕಟೆಯಲ್ಲ: 1993ರಿಂದ ಅನಿಲ, ವಿದ್ಯುತ್, ನೀರನ್ನು ಒಂದು ಮಿತಿಯವರೆಗೆ ಉಚಿತವಾಗಿ ಪಡೆಯುತ್ತಿದ್ದ ಮನೆಗಳಿಗೆ 2019ರಿಂದ ಬಿಲ್ಲು ಬರುತ್ತಿದೆ. ಪ್ರವಾಸಿಗೆ ತಿಳಿದಿರಬೇಕಾದ ಇನ್ನೊಂದು ಲೆಕ್ಕ, ಡಾಲರಿಗೆ 3.5 ಮನಾತ್ ಎಂಬ ಅಧಿಕೃತ ದರ. ಹೊರಗಿನ ದರ ಅದರ ಎಷ್ಟೋ ಪಟ್ಟು. ಹೋಟೆಲಿನವರು ಡಾಲರನ್ನೇ ಕೇಳುತ್ತಾರೆ, ಕಾರ್ಡನ್ನು ನಂಬಿಕೊಳ್ಳಬೇಡಿ. ವಾಟ್ಸ್‌ಆ್ಯಪ್ ನಡೆಯದು, ಮನೆಯವರಿಗೆ ಮೊದಲೇ ಹೇಳಿ ಹೊರಡಿ.

ತುರ್ಕಮೆನಾಬಾತ್‌ನ ಹೊರಗೆ ಅಮು ದರಿಯಾ ಸಿಕ್ಕಿತು. ಹಿಂದೆ ದೋಣಿಗಳನ್ನು ಜೋಡಿಸಿದ ತೇಲುಸೇತುವೆಯ ಮೇಲೆ ದಾಟಬೇಕಿತ್ತಂತೆ. 2017ರಿಂದ ದೊಡ್ಡ ಸೇತುವೆಯಿದೆ. ನೀರು ಕೆಂಪು ಕೆಸರಿನ ಬಣ್ಣ, ನಡುವೆ ಮರಳುದಿಬ್ಬಗಳು. ಕರಾಕುಂ ಕಾಲುವೆಗೆ ಪಾಲು ಹೋಗುವುದು ಇನ್ನೂ ಮೇಲೆ. ಇಲ್ಲಿ ಹರಿಯುವುದು ಕೊಟ್ಟು ಉಳಿದದ್ದು.

ಉಜ್ಬೇಕಿಸ್ತಾನದ ಕಡೆಯ ಫರಾಪ್ ಗಡಿಯಲ್ಲಿ ರತ್ನಗಂಬಳಿ ಇದೆಯೇ ಎಂದು ಕೇಳಿದರು. ತುರ್ಕಮೆನ್ ನೆಯ್ಗೆಯ ರತ್ನಗಂಬಳಿಗಳನ್ನು ಹೊರಗೊಯ್ಯಲು ಪ್ರಮಾಣಪತ್ರ ಬೇಕು. ನನ್ನ ಚೀಲದಲ್ಲಿದ್ದದ್ದು ಕರಬೂಜವನ್ನು ಸೀಳಿ, ಒಣಗಿಸಿ, ಜಡೆಯಾಗಿ ಹೆಣೆದ ತಿನಿಸು. ಅಲ್ಲಿ ಆಗಸ್ಟ್‌ನ ಎರಡನೆಯ ಭಾನುವಾರ ಕರಬೂಜಕ್ಕೆಂದೇ ಹಬ್ಬವಿದೆ. ಅಧಿಕಾರಿ ಅದನ್ನು ಮೂಸಿ, ಇದು ಈ ಊರಿನದೇ, ಆಚೆಯವರು ತಮ್ಮದೇ ಸಿಹಿ ಎನ್ನುತ್ತಾರೆ, ನಂಬಬೇಡಿ ಎಂದ. ಆಚೆ ಬುಖಾರಕ್ಕೆ ಕರೆದೊಯ್ದ ಟ್ಯಾಕ್ಸಿಯವನಿಗೆ ಒಂದು ತುಂಡು ಕೊಟ್ಟೆ. ಅವನು ಜಗಿದು, ತಲೆಯಾಡಿಸಿ, ದಾರಿಯಲ್ಲಿ ತಮ್ಮೂರಿನ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದ.