ಯಾವ ಹಾಡು ಅಂತಲೇ ಗೊತ್ತಾಗಲ್ವಂತೆ, ಆದರೂ ಯಾಕೆ ಹೋಗ್ತೀರಿ?

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರನ್ನು ಲೈವ್ ಕೇಳಿ ಬಂದೆ ಅಂದರೆ ಸಾಕು, ಎಲ್ಲರೂ ಕೇಳುವುದು ಇದನ್ನೇ. "ಅವರ ಧ್ವನಿ ಹೋಗಿದೆಯಂತಲ್ಲ? ಯಾವ ಹಾಡು ಅಂತಲೇ ಗೊತ್ತಾಗಲ್ವಂತೆ. ಅಷ್ಟು ದುಡ್ಡು ಕೊಟ್ಟು ಯಾಕೆ ಹೋಗ್ತೀರಿ?"

ಹಾಡಿನ ಮಾತು ನಿಜ. ಧ್ವನಿಯದು ಅರ್ಧ ನಿಜ. ದುಡ್ಡಿನ ಪ್ರಶ್ನೆ ಮನೆಯಲ್ಲೂ ಬಂದಿದೆ, ಅದನ್ನು ಬಿಡಿ.

ಮೊದಲ ಸಲ ಹೋದಾಗ ನನಗೂ ಸಿಟ್ಟೇ ಬಂದಿತ್ತು. ಕ್ಯಾಸೆಟ್ ಸವೆಯುವಷ್ಟು ಕೇಳಿದ್ದ ಹಾಡುಗಳು. ಜೊತೆಯಲ್ಲಿ ನಾನೂ ಹಾಡುವುದು ಅಂತ ತಯಾರಾಗಿಯೇ ಹೋಗಿದ್ದೆ. ಡಿಲನ್ ಒಂದು ಸಾಲನ್ನು ಗಬಕ್ಕನೆ ಎತ್ತಿಕೊಂಡರು, ಮುಂದಿನದನ್ನು ಎಳೆದೆಳೆದು ಬಿಟ್ಟರು. ನನ್ನ ಬಾಯಿ ಒಂದು ಕಡೆ, ಅವರ ಹಾಡು ಇನ್ನೊಂದು ಕಡೆ. ವಾಪಸ್ ಬರುವಾಗ ಇಯರ್‌ಫೋನ್ ಹಾಕಿಕೊಂಡು ಹಳೇ ರೆಕಾರ್ಡಿಂಗ್ ಕೇಳಿ ಸಮಾಧಾನ ಮಾಡಿಕೊಂಡೆ.

ಆಮೇಲೆ ಗೊತ್ತಾಯಿತು, ಈ ದೂರಿಗೆ ಸುಮಾರು 60 ವರ್ಷ ವಯಸ್ಸು. 1965ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅವರು ಜಾನಪದದವರ ಸಾದಾ ಗಿಟಾರ್ ಬಿಟ್ಟು ರಾಕ್‌ನವರ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತಾಗ ಒಂದಷ್ಟು ಜನ ಕೂಗಾಡಿದರು. ಮರುವರ್ಷ ಮೇ 17ರಂದು ಮ್ಯಾಂಚೆಸ್ಟರ್‌ನಲ್ಲಿ ಜನರ ನಡುವಿನಿಂದ ಒಬ್ಬ "ಜೂಡಾಸ್!" ಅಂತ ಕಿರುಚಿದ. ಏಸುವಿಗೆ ದ್ರೋಹ ಬಗೆದವನ ಹೆಸರು ಅದು. ಡಿಲನ್‌ಗೆ 25 ತುಂಬಲು ಇನ್ನೂ ಒಂದು ವಾರವಿತ್ತು! ಅವತ್ತು ಬೈದವರಿಗೆ ಬೇಕಿದ್ದದ್ದೂ ನನಗೆ ಬೇಕಿದ್ದದ್ದೇ. ಮನೆಯಲ್ಲಿ ಕೇಳಿದ ಹಾಡು, ಕೇಳಿದ ಹಾಗೇ ಬೇಕು.

ಹಿಂದೂಸ್ತಾನಿ ಕಛೇರಿಯಲ್ಲಿ ನಾವು ಹೀಗೆ ಹಟ ಮಾಡುವುದಿಲ್ಲ, ಅಲ್ವಾ? ಮಲ್ಲಿಕಾರ್ಜುನ ಮನ್ಸೂರರು ಮೊನ್ನೆ ಹಾಡಿದ ಹಾಗೆ ಇವತ್ತು ಹಾಡಲಿಲ್ಲ ಅಂತ ಯಾರಾದರೂ ಗೊಣಗಿದ್ದುಂಟಾ?

2024ರ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ಗೆ ಹೋದಾಗ ಹಟ ಬಿಟ್ಟು ಹೋಗಿದ್ದೆ. ಬಾಗಿಲಲ್ಲೇ ನಮ್ಮ ಫೋನುಗಳನ್ನು ಪುಟ್ಟ ಚೀಲಕ್ಕೆ ಹಾಕಿ ಬೀಗ ಜಡಿದು ಕೊಟ್ಟರು. ಚೀಲ ನಮ್ಮ ಕೈಯಲ್ಲೇ, ತೆಗೆಯುವ ಹಾಗಿಲ್ಲ. 5,000ಕ್ಕೂ ಹೆಚ್ಚು ಜನ ಹಿಡಿಸುವ ಜಾಗದಲ್ಲಿ ಒಂದು ಪರದೆಯೂ ಮಿನುಗುತ್ತಿಲ್ಲ. ಪಕ್ಕದಲ್ಲಿದ್ದವರು ಟೈಮ್ ಎಷ್ಟು ಅಂತ ಕೇಳಿದರು. ನನ್ನ ಕೈಯಲ್ಲೂ ವಾಚ್ ಇಲ್ಲ. ಇಬ್ಬರೂ ನಕ್ಕು ಸುಮ್ನಾದೆವು.

83 ವರ್ಷದ ಡಿಲನ್ ಬಂದರು. ನಮಸ್ಕಾರವಿಲ್ಲ, ಭಾಷಣವಿಲ್ಲ. ಪಿಯಾನೊ ಹಿಂದೆ ಗುಂಗುರು ಕೂದಲು ಕಂಡರೆ ನಮ್ಮ ಪುಣ್ಯ. ಎರಡನೇ ಹಾಡು ಶುರುವಾಯಿತು. ಹೊಸದಿರಬೇಕು ಅಂದುಕೊಂಡು ಕೇಳುತ್ತಿದ್ದೆ. ಮೂರನೇ ಸಾಲಿಗೆ ಮೈ ಜುಮ್ಮೆಂದಿತು. 1964ರ ಹಾಡು! ನಿನಗೆ ಬೇಕಾದಂಥವನು ನಾನಲ್ಲ ಅಂತ ಒಬ್ಬಳಿಗೆ ಹೇಳುವ ಹಾಡು ಅದು. ರೆಕಾರ್ಡಿಂಗ್‌ನಲ್ಲಿ 23ರ ಹುಡುಗನ ಸೊಕ್ಕು ಕೇಳಿಸುತ್ತದೆ. ಇಲ್ಲಿ ಸೊಕ್ಕಿಲ್ಲ. ಮಾತಾಡುವ ಹಾಗೆ, ನಿಧಾನಕ್ಕೆ. ಆ ಮಾತನ್ನು ಅವರು ನಮಗೇ, ಹಳೇ ಹಾಡು ಹಳೇ ಹಾಗೆ ಬೇಕು ಅಂತ ಬಂದು ಕೂತವರಿಗೇ ಹೇಳುತ್ತಿದ್ದಾರೆ ಅನಿಸಿತು. ಕ್ಯಾಸೆಟ್‌ನಲ್ಲಿ ಎಷ್ಟು ಸಲ ಕೇಳಿದ್ದರೂ ನನಗೆ ಹಾಗೆ ಕೇಳಿಸಿರಲಿಲ್ಲ.

ಇನ್ನು ಧ್ವನಿ. ಗೊಗ್ಗರು ಹೌದು. ಆದರೆ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. 2015ರಿಂದ 2017ರವರೆಗೆ ಅಮೆರಿಕದ ಹಳೇ ಕಾಲದ ಜನಪ್ರಿಯ ಗೀತೆಗಳನ್ನೇ ಹಾಡಿ ಮೂರು ಆಲ್ಬಮ್ ಮಾಡಿದರಲ್ಲ, ಆ ಅಭ್ಯಾಸ ಗಂಟಲನ್ನು ತಿಳಿ ಮಾಡಿತು ಅಂತ ನನ್ನ ಲೆಕ್ಕಾಚಾರ. ಎಲ್ಲ ಹಾಡೂ ಹಿಡಿಸಿತು ಅಂತ ಸುಳ್ಳು ಹೇಳಲ್ಲ. ಅರ್ಧಕ್ಕಿಂತ ಜಾಸ್ತಿ ಹಾಡು 2020ರ ಆಲ್ಬಮ್ಮಿನವು, ಒಂದೆರಡರಲ್ಲಿ ನನ್ನ ಗಮನ ಎಲ್ಲೋ ಹೋಗಿತ್ತು.

ಕೊನೆಯದು 1981ರ ಹಾಡು. ಅದರಲ್ಲಿ ಅವರು ಹಾರ್ಮೋನಿಕಾ ಬಾಯಿಗಿಟ್ಟ ಕೂಡಲೇ ಹಾಲ್ ಪೂರ್ತಿ ಎದ್ದು ಕೂಗಿತು. ಮುಗಿಯಿತು, ಒಂದು ಕ್ಷಣ ನಿಂತರು, ಹೋದರು.

ಚೀಲದ ಬೀಗ ತೆಗೆಸಲು ಸಾಲಿನಲ್ಲಿ ನಿಂತಿದ್ದೆ. ಹಿಂದೆ ಒಬ್ಬ ಹುಡುಗ ಎರಡನೇ ಹಾಡು ಯಾವುದು ಅಂತ ಗೆಳತಿಯನ್ನು ಕೇಳುತ್ತಿದ್ದ. ತಿರುಗಿ ಹೇಳಿದೆ.

"ಸಾಧ್ಯವೇ ಇಲ್ಲ" ಅಂದ.